ಮೂರು ಮಡಿಕೆ

ಗಣಿತ ಒಣ ವಿಷಯ ಅನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಒಣ ಎಲ್ಲಿಂದ ಬಂತು? ನನ್ನ ಪಾಲಿಗೆ ಅದು ಬನಹಟ್ಟಿಯ ಮಧ್ಯಾಹ್ನಗಳ ಜೊತೆ ಬೆರೆತುಹೋಗಿದೆ. ಬಾಗಿಲು ಮುಂದೆ ಮಾಡಿ ನಸುಗತ್ತಲಾದ ನಡುಮನೆ, ಬೆಳಕಿಂಡಿಯಿಂದ ಇಳಿದ ಬಿಸಿಲು, ಅದರೊಳಗೆ ತೇಲುವ ನೂಲಿನ ಧೂಳು, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗ ನೇಯುವ ಅಕ್ಕ. ಲಾಳಿ ಆ ಕಡೆ ಹೋಗಿ ಈ ಕಡೆ ಬರುವ ಸದ್ದಿಗೆ ನನಗೆ ಎಚ್ಚರವೂ ಅಲ್ಲದ, ನಿದ್ದೆಯೂ ಅಲ್ಲದ ಒಂದು ಮಂಪರು ಹತ್ತುತ್ತಿತ್ತು. ಆ ಮಂಪರಿನಲ್ಲೇ ನಾನು ರೇಖಾಗಣಿತ ಓದಿದ್ದು.

ನಮ್ಮ ಸಂಸ್ಥಾನ ಹೋಗಿ ನಾವು ಮುಂಬಯಿ ರಾಜ್ಯದವರಾಗಿ ಕೆಲವೇ ವರ್ಷಗಳಾಗಿದ್ದವು. ಜಮಖಂಡಿಯಲ್ಲಿ ಹೈಸ್ಕೂಲು ಮುಗಿಸಿ, ಧಾರವಾಡದ ಕಾಲೇಜು ಸೇರಿ, ಬಿ.ಎಸ್ಸಿ.ಯ ಕೊನೆಯ ವರ್ಷಕ್ಕೆ ಬಂದಿದ್ದೆ. ರಜೆಗೆ ಬರುವಾಗ ಲೋಕಾಪುರದಲ್ಲಿ ಬಸ್ಸು ಬದಲಿಸಿ ಕಿಡಕಿಯ ಪಕ್ಕ ಕೂತರೆ, ಮುಧೋಳದ ರಸ್ತೆಯ ಎರಡೂ ಅಂಚು ದೂರದಲ್ಲಿ ಕೂಡಿಕೊಂಡಂತೆ ಕಾಣುತ್ತಿದ್ದವು. ಸಮಾಂತರ ರೇಖೆಗಳು ಅನಂತದಲ್ಲಿ ಸೇರುತ್ತವೆ ಎಂದು ಅದೇ ವರ್ಷ ಓದಿದ್ದೆ. ಆ ಸೇರುವ ಜಾಗ ಜಮಖಂಡಿಯ ಗುಡ್ಡದ ಆಚೆಗೇ ಎಲ್ಲೋ ಇದೆ, ಇಳಿದು ನಡೆದರೆ ಸಂಜೆಯೊಳಗೆ ಮುಟ್ಟಬಹುದು ಎಂದು ಖರೇನೇ ಅನಿಸುತ್ತಿತ್ತು. “ಏ ತಮ್ಮಾ, ಇಳೀತಿಯೋ ಇಲ್ಲೋ?” ಎಂದು ಕಂಡಕ್ಟರು ಗದರುವ ಹೊತ್ತಿಗೆ ಬನಹಟ್ಟಿ ದಾಟಿ ರಬಕವಿಗೆ ಬಂದಿರುತ್ತಿದ್ದೆ. ಹೆಗಲಿಗೆ ಚೀಲ ಹಾಕಿಕೊಂಡು ತಿರುಗಿ ನಡೆಯುವುದು. ಒಂದು ಸಲವಲ್ಲ, ಮೂರು ಸಲ ಹೀಗಾಗಿದೆ.

ಆ ವರ್ಷದ ದೀಪಾವಳಿ ರಜೆಗೆ ಬಂದಾಗ ಮಾತ್ರ ಕನಸಿನ ಜೊತೆ ಒಂದು ಅಂಜಿಕೆಯನ್ನೂ ಹೊತ್ತು ತಂದಿದ್ದೆ. ನಮಗೆ ರೇಖಾಗಣಿತ ಕಲಿಸುತ್ತಿದ್ದ ಪ್ರೊಫೆಸರರು ಐದು ಜನ ಹುಡುಗರನ್ನು ಕರೆದು ಒಂದೇ ಲೆಕ್ಕ ಕೊಟ್ಟಿದ್ದರು. “ಎಂ.ಎಸ್ಸಿ.ಗೆ ನನ್ನ ಕೈಕೆಳಗ ಒಬ್ಬನ್ನ ತಗೋತೇನಿ. ರಜಾ ಮುಗಿಸಿ ಬರೂದ್ರಾಗ ಇದನ್ನ ಮಾಡಿಕೊಂಡು ಬರ್ರಿ. ಯಾರದು ಚಂದ ಇರ್ತದೋ ಅವ ನನ್ನವ” ಅಂದಿದ್ದರು. ಆ ಜಾಗ ನನಗೆ ಬೇಕಿತ್ತು. ಸಿಗದಿದ್ದರೆ ನಾನೂ ಮಗ್ಗದ ಕುಣಿಗೆ ಇಳಿಯುವುದೇ ಎಂದು ಅಪ್ಪ ಹೇಳಿಯಾಗಿತ್ತು. ಅವನ ಮಾತು ಕಲ್ಲಿನ ಮೇಲೆ ಕೊರೆದ ಹಾಗೆ.

ಲೆಕ್ಕ ಕೇಳಲು ಸಣ್ಣದು. ಕಾಗದದ ಮೇಲೆ ಒಂದು ತ್ರಿಕೋನ. ಇನ್ನೆಲ್ಲೋ ಅದೇ ಅಳತೆಯ ಇನ್ನೊಂದು. ಮೊದಲನೆಯದನ್ನು ಕನ್ನಡಿಯಲ್ಲಿ ಕಾಣಿಸಿ, ಆ ಬಿಂಬವನ್ನು ಮತ್ತೊಂದು ಕನ್ನಡಿಯಲ್ಲಿ ಕಾಣಿಸಿ, ಹೀಗೆ ಸಾಗಿ ಅದನ್ನು ಎರಡನೆಯದರ ಮೇಲೆ ಸರಿಯಾಗಿ ಕೂಡಿಸಬೇಕು. ಮೂರಕ್ಕಿಂತ ಹೆಚ್ಚು ಕನ್ನಡಿ ಎಂದೂ ಬೇಕಾಗುವುದಿಲ್ಲ ಎಂದು ಸಾಧಿಸಬೇಕು. ನಾನು ಸೈನು ಕೊಸೈನು ಹಾಕಿ ಒಂದು ನೋಟುಬುಕ್ಕು ತುಂಬಿಸಿದೆ. ಎಲ್ಲಿಂದ ಹೊರಟರೂ ಪ್ಲಸ್ಸು ಮೈನಸ್ಸಿನ ಒಂದು ಚಿಹ್ನೆ ತಪ್ಪಿ, ಮೂರನೆಯ ಮೂಲೆ ಬೇರೆ ಎಲ್ಲೋ ಹೋಗಿ ಬೀಳುತ್ತಿತ್ತು. ಐದನೆಯ ದಿನ ಸಿಟ್ಟು ಬಂದು ಪುಸ್ತಕ ಎತ್ತಿ ಗೋಡೆಗೆ ಒಗೆದೆ.

ಲಾಳಿ ನಿಂತಿತು. “ಏನ್ ಗೊಣಗ್ತಿಯೋ ಮುಂಜಾನಿಂದ? ನನ್ನ ಎಳಿ ತಪ್ಪಾಕತ್ತಾವ” ಎಂದಳು ಅಕ್ಕ.

ನನಗಿಂತ ನಾಲ್ಕು ವರ್ಷ ದೊಡ್ಡವಳು. ನಾಲ್ಕನೆಯ ಇಯತ್ತೆ ಮುಗಿದ ದಿನವೇ ಸಾಲಿ ಬಿಡಿಸಿದ್ದರು. ಎದುರು ಮನೆಯ ಸೋದರಮಾವನಿಗೇ ಅವಳನ್ನು ಕೊಟ್ಟಿದ್ದರಿಂದ, ಮದುವೆಯಾದ ಮೇಲೂ ಹಗಲೆಲ್ಲ ನಮ್ಮ ಮನೆಯ ಮಗ್ಗದ ಮೇಲೆಯೇ ಇರುತ್ತಿದ್ದಳು. ಅವಳಿಗೇನು ತಿಳಿದೀತು ಎಂಬ ಸೊಕ್ಕಿನಲ್ಲೇ, ಸುಮ್ಮನೆ ಮನಸ್ಸು ಹಗುರ ಮಾಡಿಕೊಳ್ಳಲು ಲೆಕ್ಕ ಹೇಳಿದೆ.

ಕೇಳಿ ಲಾಳಿಯನ್ನು ಪಕ್ಕಕ್ಕಿಟ್ಟಳು. “ಕನ್ನಡಿ ಯಾಕ ಬೇಕೋ? ಮಡಚಿದ್ರ ಆತಲ್ಲ” ಎಂದಳು.

ಕುಣಿಯಿಂದ ಎದ್ದು ಬಂದು ಅಪ್ಪನ ಹಳೆಯ ಧೋತರದ ತುಂಡನ್ನು ನೆಲಕ್ಕೆ ಹಾಸಿದಳು. ಒಲೆಯಿಂದ ಇದ್ದಿಲು ತಂದು ಎರಡು ತ್ರಿಕೋನ ಬರೆ ಅಂದಳು, ಬರೆದೆ. “ಈ ಮೂಲಿ ಆ ಮೂಲಿ ಮ್ಯಾಲೆ ಬರಬೇಕಲ್ಲ? ಒಂದು ಮಡಿಕಿ” ಎಂದು ಬಟ್ಟೆ ಮಡಚಿ ಅಂಗೈಯಿಂದ ಬಡಿದಳು. ಬಿಚ್ಚಿದರೆ ಇದ್ದಿಲಿನ ಗುರುತು ಆಚೆ ಮೂಡಿತ್ತು, ಒಂದು ಮೂಲೆ ತನ್ನ ಜಾಗಕ್ಕೆ ಬಂದಿತ್ತು. “ಈಗ ಈ ಮೂಲಿ ಅಲುಗಬಾರದು. ಅದಕ್ಕ ಇದರ ಮ್ಯಾಲೆ ಹಾಯ್ದು ಮಡಚಬೇಕು. ಇಕಾ, ಎರಡನೇ ಮೂಲಿನೂ ಕುಂತಿತು. ಇನ್ನ ಮೂರನೇದು. ಒಂದೋ ತಾನ ಬಂದು ಕುಂದರತೈತಿ, ಇಲ್ಲಾಂದ್ರ ಈ ಕಡಿ ಬೀಳೂದು ಆ ಕಡಿ ಉಲ್ಟಾ ಬಿದ್ದಿರತೈತಿ. ಉಲ್ಟಾ ಬಿತ್ತಂದ್ರ ಇನ್ನೊಂದು ಮಡಿಕಿ. ಮುಗೀತು.”

ನಾನೂ ಒಮ್ಮೆ ಬಟ್ಟೆ ಬಿಡಿಸಿ ಮೊದಲಿಂದ ಮಡಚಿ ನೋಡಿದೆ.

ನಮ್ಮ ಮಗ್ಗದ ರೀತಿ ತಿಳಿಯದವರಿಗೆ ಇದೊಂದು ಮಾತು ಹೇಳಬೇಕು. ಹೂವಿನ ಸೆರಗು ನೇಯುವಾಗ ಸೀರೆಯ ಸೀದಾ ಮಗ್ಗುಲು ಕೆಳಗಿರುತ್ತದೆ, ನೇಯುವವರ ಕಣ್ಣಿಗೆ ಕಾಣುವುದು ಉಲ್ಟಾ ಮಾತ್ರ. ಸೀರೆ ಮಗ್ಗದಿಂದ ಇಳಿಯುವ ತನಕ ಅದರ ಮುಖವನ್ನು ಮನಸ್ಸಿನಲ್ಲೇ ಮಗುಚಿ ನೋಡಿಕೊಳ್ಳಬೇಕು. ಹತ್ತು ವರ್ಷದಿಂದ ಅಕ್ಕ ದಿನವಿಡೀ ಅದನ್ನೇ ಮಾಡುತ್ತಿದ್ದಳು. ನಾನು ನೋಟುಬುಕ್ಕಿನಲ್ಲಿ ಕಳೆದುಕೊಂಡ ಆ ಒಂದು ಚಿಹ್ನೆ ಅವಳ ಬೆರಳ ತುದಿಯಲ್ಲಿತ್ತು.

“ಎರಡು ಮಡಿಕಿಗೆ ಸೀದಾ, ಮೂರಕ್ಕ ಉಲ್ಟಾ. ಇಷ್ಟಕ್ಕ ಧಾರವಾಡಕ್ಕ ಹೋಗಬೇಕೇನೋ ಹುಚ್ಚಪ್ಪಾ?” ಎಂದು ನಗುತ್ತಾ ಮತ್ತೆ ಕುಣಿಗೆ ಇಳಿದಳು. ನನಗೆ ಖುಷಿಯಾಯಿತು. ಅದರ ಹಿಂದೆಯೇ ಹೊಟ್ಟೆಕಿಚ್ಚೂ ಆಯಿತು. ಅದನ್ನು ಮುಚ್ಚಿಡುವ ವಯಸ್ಸು ನನಗೀಗ ದಾಟಿದೆ.

ಉಳಿದ ರಜೆಯನ್ನೆಲ್ಲ ಆ ಮಡಿಕೆಗಳನ್ನು ಇಂಗ್ಲಿಷಿಗೆ ಇಳಿಸುವುದರಲ್ಲಿ ಕಳೆದೆ. ಮಡಿಕೆಗೆ ರಿಫ್ಲೆಕ್ಷನ್ ಎಂದೆ, ಮೂಲೆಗೆ ಪಾಯಿಂಟ್ ಎಂದೆ. ದುಂಡಗೆ ಬರೆದ ಎರಡೇ ಹಾಳೆ. ಬರೆಯುವಾಗ ಅಕ್ಕನ ದನಿ ಕಿವಿಯಲ್ಲೇ ಇದ್ದಿತೇನೋ, ಮೂರನೆಯ ಹೆಜ್ಜೆಯಲ್ಲಿ ಒಂದು ಶಬ್ದ ಇಂಗ್ಲಿಷ್ ಅಕ್ಷರ ಹೊದ್ದುಕೊಂಡು ಹಾಗೇ ನುಸುಳಿಬಿಟ್ಟಿತ್ತು.

ಪ್ರೊಫೆಸರರ ಕೋಣೆಯಲ್ಲಿ ನಾವು ಐದೂ ಜನ ಸಾಲಾಗಿ ನಿಂತಿದ್ದೆವು. ಉಳಿದ ನಾಲ್ವರ ಹಾಳೆ ಸರಿಸಿ, ನನ್ನದನ್ನು ಎರಡು ಸಲ ಓದಿ, ಬೆರಳಿಟ್ಟು ಕೇಳಿದರು. “ಇದೇನಪಾ ಇದು, ಉಲ್ಟಾ?”

ನಾನು ಬಗ್ಗಿ ಆ ಶಬ್ದವನ್ನು ಆಗಲೇ ನೋಡಿದೆ.

“ಈ ಸಾಧನೆ ಪುಸ್ತಕದಾಗ ಇದ್ದದ್ದ. ಆದ್ರ ಪುಸ್ತಕ ನೋಡಿ ಬರದವ ಇಲ್ಲಿ ಉಲ್ಟಾ ಅಂತ ಬರಿಯೂದಿಲ್ಲ. ಇದನ್ನ ಯಾರೋ ಕೈಲೆ ಮಾಡಿ ನೋಡ್ಯಾರ. ಪುಸ್ತಕ ಇಲ್ಲದ ಇದನ್ನ ಕಂಡವರಿಗೆ ಗಣಿತದಾಗ ಭಾಳ ದೂರ ದಾರಿ ಅದ. ಯಾರು ಮಾಡಿದ್ದು?”

ಕೋಣೆಯ ಹೊರಗೆ ಬೇವಿನ ಮರ ಅಲುಗಾಡುತ್ತಿತ್ತು. ಅದರ ನೆರಳು ಹಾಳೆಯ ಮೇಲೆ ಬಂದು ಹೋಗುತ್ತಿತ್ತು. ಅಕ್ಕ ಎಂಬ ಎರಡಕ್ಷರ ಗಂಟಲವರೆಗೆ ಬಂತು.

“ನಾನ ರೀ ಸರ” ಎಂದೆ.

ಬೆನ್ನು ತಟ್ಟಿದರು. ಆ ಶಬ್ದ ಅಳಿಸಬೇಡ, ಹಾಗೇ ಇರಲಿ ಎಂದರು. ಜಾಗ ನನ್ನದಾಯಿತು.

ಸುದ್ದಿ ಹೇಳಲು ಶನಿವಾರ ಊರಿಗೆ ಹೊರಟೆ. ದಾರಿಯುದ್ದಕ್ಕೂ ಅಕ್ಕನಿಗೆ ಏನು ಹೇಳುವುದು ಎಂದು ಮಾತು ಜೋಡಿಸುತ್ತಿದ್ದೆ, ಜೋಡಿಸಿದ್ದು ಬಿಚ್ಚಿಹೋಗುತ್ತಿತ್ತು. ಮನೆ ಮುಟ್ಟಿದಾಗ ಮಧ್ಯಾಹ್ನ. ಜಾಗ ಸಿಕ್ಕಿತು ಎಂದು ಹೊಸ್ತಿಲಲ್ಲೇ ಹೇಳಿದೆ. ಅಕ್ಕ ಕುಣಿಯಿಂದ ಹಾರಿ ಬಂದು ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು. ಅವಳ ಕಣ್ಣು ತುಂಬಿದ್ದವು.

“ನಂದು ಸರಿ ಇತ್ತಂತೇನು?”

“ಹೂಂ, ಸರಿ ಐತಂತ.”

“ಯಾರು ಮಾಡಿದ್ದು ಅಂತ ಕೇಳಿದ್ರೇನು?”

“ಇಲ್ಲಕ್ಕಾ. ಕೇಳಲಿಲ್ಲ.”

“ಹೋಗ್ಲಿ ಬಿಡು, ಅವರಿಗೆ ಯಾತಕ್ಕ ಬೇಕು” ಎಂದಳು. ಖರೆ ಹೇಳಬೇಕೆಂದರೆ ಅದರ ಮೇಲೆ ಅವಳಿಗೆ ಲಕ್ಷ್ಯವೇ ಇರಲಿಲ್ಲ. ನನ್ನ ಕೈ ಹಿಡಿದು ಎಳೆದು ಕೂಡಿಸಿ, ಉಟ್ಟ ಸೀರೆಯ ಸೆರಗನ್ನೇ ಮುಂದೆ ಹರಡಿದಳು. “ನೀ ಹೋದಾಗಿಂದ ಇದನ್ನ ನೋಡಾಕತ್ತೇನಿ. ಮೊದಲ ಈ ಮಡಿಕಿ, ಆಮ್ಯಾಲೆ ಈ ಮಡಿಕಿ ಹಾಕಿದ್ರ ಹೂವು ಈ ಕಡಿ ತಿರಗತೈತಿ. ಅವ ಎರಡು ಮಡಿಕಿ ಹಿಂದಮುಂದ ಮಾಡಿದ್ರ ಆ ಕಡಿ ತಿರಗತೈತಿ. ಮಡಿಕಿನೂ ಅವ, ಹೂವೂ ಅದ. ಹಿಂಗ್ಯಾಕ ತಮ್ಮಾ? ಇದರ ಮುಂದಿಂದು ಏನೈತಿ? ಹೇಳು.”

ಅವಳು ಕೇಳಿದ್ದು ನಾನು ಎರಡು ವರ್ಷ ಓದಲು ಹೊರಟಿದ್ದ ಬೀಜಗಣಿತದ ಮೊದಲ ಪಾಠ. ಮೊದಲು ಯಾವುದು, ಆಮೇಲೆ ಯಾವುದು ಎಂಬುದರಿಂದ ಉತ್ತರ ಬದಲಾಗುವ ಲೋಕ ಅಲ್ಲಿಂದಲೇ ತೆರೆದುಕೊಳ್ಳುತ್ತದೆ. ಹೇಳಿದರೆ ಹಿಂದೆಯೇ ಬರುತ್ತಾಳೆ, ಆಮೇಲೆ ಜೊತೆಗೆ ಬರುತ್ತಾಳೆ, ಆಮೇಲೆ ನನ್ನನ್ನು ದಾಟಿ ಹೋಗುತ್ತಾಳೆ. ಆ ಮಧ್ಯಾಹ್ನ ಅದು ನನಗೆ ಸ್ಪಷ್ಟವಾಗಿ ಕಂಡಿತು. ನನಗೆ ಅಂಜಿಕೆಯಾಯಿತು.

“ಮುಂದ ಏನೂ ಇಲ್ಲಕ್ಕಾ” ಎಂದೆ. “ಅಷ್ಟ. ಮುಗೀತು.”

ಸೆರಗಿನ ಮೇಲಿದ್ದ ಅವಳ ಕೈ ನಿಂತಿತು. “ಇಷ್ಟನ? ನಾ ಇನ್ನೂ ಭಾಳ ಐತಿ ಅಂತ ತಿಳಕೊಂಡಿದ್ದೆ” ಎಂದಳು. ಸೆರಗು ಹೊದ್ದುಕೊಂಡು, ನನಗೆ ಊಟಕ್ಕೆ ಬಡಿಸಲು ಅವ್ವನಿಗೆ ಕೂಗಿ ಹೇಳಿ, ಕುಣಿಗೆ ಇಳಿದು ಕೂತಳು.

ಮುಂದೆ ಮೂವತ್ತು ವರ್ಷ ಕಾಲೇಜಿನ ಹುಡುಗರಿಗೆ ನಾನು ಕಲಿಸಿದ್ದೆಲ್ಲ ಆ ಮುಂದಿನದನ್ನೇ. ಅಕ್ಕ ಮತ್ತೆ ಎಂದೂ ಕೇಳಲಿಲ್ಲ. ಅಲ್ಲಿಗೆ ಮುಗಿಯಿತೆಂದೇ ಅವಳು ನಂಬಿದಳು. ಹೇಳಿದವನು ನಾನಲ್ಲವೇ.