ಮಾಮಾನ ನಡೆಯುವ ಮಶೀನು ಮತ್ತು ಒಂದು ಟೋಪಿ

ಮೊದಲು ಟೋಪಿಯ ವಿಷಯ ಹೇಳಿಬಿಡುತ್ತೇನೆ. ಮೋಟರಿನದು ಆಮೇಲೆ.

ಸೋಲಾಪುರ, ಅಕ್ಕಲಕೋಟೆಯ ಕಡೆ ಮದುವೆಗಳಲ್ಲಿ ಬೀಗರಿಗೂ ಮನೆಯ ಅಳಿಯಂದಿರಿಗೂ ಟಾವೆಲ್-ಟೋಪಿ ಕೊಡುತ್ತಾರೆ. ಒಂದು ಟಾವೆಲು, ಒಂದು ಬಿಳಿ ಟೋಪಿ, ಒಂದು ತೆಂಗಿನಕಾಯಿ. ಇವುಗಳ ಬೆಲೆ ದೊಡ್ಡದಲ್ಲ. ಆದರೆ ಒಬ್ಬೊಬ್ಬರ ಹೆಸರನ್ನೂ ಮೈಕಿನಲ್ಲಿ ಕೂಗಿ, ಮುಂದೆ ಕರೆದು, ನೆರೆದವರ ಎದುರು ತಲೆಗೆ ಟೋಪಿ ಇಟ್ಟು ಹೆಗಲಿಗೆ ಟಾವೆಲು ಹಾಕುತ್ತಾರೆ. ಇದು ಮಾನಪಾನ. ಇದರಲ್ಲಿ ತಪ್ಪಾಯಿತೆಂದು ಎರಡು ತಲೆಮಾರು ಮಾತು ಬಿಟ್ಟ ಮನೆಗಳನ್ನು ನಾನು ಬಲ್ಲೆ.

ಎಪ್ಪತ್ತರ ದಶಕದ ಆರಂಭದಲ್ಲಿ ನನ್ನ ಸೋದರಮಾವನ ಮಗಳ ಮದುವೆ ಸೋಲಾಪುರದಲ್ಲಿ ನಡೆಯಿತು. ಮಾಮಾ ಚಾದರಿನ ವ್ಯಾಪಾರಿ. ಬಂಗಲೆಯ ಹಿಂದೆಯೇ ಅವರ ವಿದ್ಯುತ್ ಮಗ್ಗಗಳ ಶೆಡ್ಡು. ಹಾಲ್‌ನಲ್ಲಿ ಕುಳಿತೇ ನೇಕಾರರ ಮೇಲೆ ಕಣ್ಣಿಡಲು ನಡುವಿನ ಗೋಡೆಗೆ ಸರಳಿನ ಕಿಟಕಿ ಇಡಿಸಿದ್ದರು. ನನ್ನ ಅಪ್ಪನದು ಅಕ್ಕಲಕೋಟೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ವಾಗದರಿ, ನಾಗಣಸೂರದ ರೈತರು ಸುಟ್ಟುಹೋದ ಪಂಪಿನ ಮೋಟರುಗಳನ್ನು ಬಂಡಿಯಲ್ಲಿ ಹಾಕಿಕೊಂಡು ಅವನ ಬಳಿ ಬರುತ್ತಿದ್ದರು. ಮಾಮಾನಿಗೆ ಅಪ್ಪ ತಂಗಿಯ ಗಂಡ. ತಂಗಿಯ ಗಂಡನನ್ನು ನಮ್ಮಲ್ಲಿ ‘ದಾಜಿ’ ಎನ್ನುತ್ತಾರೆ. ಕರೆಯುವವನು ವಯಸ್ಸಿನಲ್ಲಿ ದೊಡ್ಡವನಾದರೂ ಆ ಮಾತಿನಲ್ಲಿ ತಲೆ ಸ್ವಲ್ಪ ಬಾಗಿರುತ್ತದೆ.

ಆ ದಿನ ಅಪ್ಪನ ಸರದಿ ಬಂದಾಗ ಮಾಮಾ ಮೈಕನ್ನು ತಾವೇ ಕೈಗೆ ತೆಗೆದುಕೊಂಡರು. “ನಮ್ಮ ಮೋಟರ್ ಮಿಸ್ತ್ರಿ ಬರ್ರಿ. ಮಿಸ್ತ್ರಿಗೆ ಟೋಪಿ ಯಾಕರಿ? ಗ್ರೀಸ್ ಹತ್ತತದ. ಟಾವೆಲ್ ಸಾಕು, ಕೈ ಒರಸ್ಕೊಳ್ಳಾಕ!” ಎಂದರು. ಮಂಟಪವೆಲ್ಲ ನಕ್ಕಿತು. ಅಪ್ಪ ಟಾವೆಲು, ಕಾಯಿ ತೆಗೆದುಕೊಂಡು ಇಳಿದು ಬಂದ. ಅವ್ವ ಊಟಕ್ಕೆ ಕೂರಲಿಲ್ಲ. ಮಧ್ಯಾಹ್ನದ ಎಸ್‌ಟಿ ಬಸ್ಸಿಗೆ ಮೂವರೂ ಅಕ್ಕಲಕೋಟೆಗೆ ಹಿಂತಿರುಗಿದೆವು. ಅಲ್ಲಿಂದ ಮುಂದೆ ಅವ್ವ ತವರಿನ ಹೊಸ್ತಿಲು ತುಳಿಯಲಿಲ್ಲ. ಅಪ್ಪ ಮಾತ್ರ ಆ ಟಾವೆಲನ್ನು ಅಂಗಡಿಯ ಮೊಳೆಗೆ ಹಾಕಿ ದಿನವೂ ಅದಕ್ಕೇ ಕೈ ಒರೆಸಿಕೊಂಡ. ಹಳದಿ ಅಂಚಿನ ಆ ಟಾವೆಲು ವರ್ಷದೊಳಗೆ ಕಪ್ಪಾಯಿತು. ಅವನಿಗೆ ನೋವಾಗಿಲ್ಲವೇನೋ ಎಂದು ನಾನು ಅಂದುಕೊಂಡೆ. ಅದಕ್ಕಾಗಿ ಅವನ ಮೇಲೂ ನನಗೆ ಸಿಟ್ಟಿತ್ತು.

ಎಮರ್ಜೆನ್ಸಿ ಮುಗಿದ ಮರುವರ್ಷ ನಾನು ಸೋಲಾಪುರದ ಒಂದು ಮರಾಠಿ ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ಒಂದು ಸಂಜೆ ಮಾಮಾ ನಮ್ಮ ಕಚೇರಿಗೆ ಬಂದರು. ಏದುಸಿರು ಬಿಡುತ್ತ ಎದುರಿನ ಕುರ್ಚಿಯಲ್ಲಿ ಕುಳಿತರು. ಅವರಿಗೆ ಎದೆನೋವು ಬಂದು ಹೋಗಿತ್ತು. ದಿನವೂ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಒಂದು ಬೆಳಿಗ್ಗೆ ರಸ್ತೆಗೆ ಇಳಿದರೆ ಪೇಟೆಯವನೊಬ್ಬ ಸೈಕಲ್ ನಿಲ್ಲಿಸಿ, “ಯಾಕ ಸೇಟ್, ಗಾಡಿ ಮಾರಿದ್ರೇನು?” ಎಂದು ಕೇಳಿದನಂತೆ. ಮರುದಿನದಿಂದ ಅವರು ರಸ್ತೆಗೆ ಇಳಿಯಲಿಲ್ಲ. ಬದಲಿಗೆ ಮುಂಬಯಿಯಲ್ಲಿ ಯಾರದೋ ಬಂಗಲೆಯಲ್ಲಿದ್ದ ಅಮೆರಿಕದ ನಡೆಯುವ ಮಶೀನನ್ನು ಕೊಂಡು, ನೂಲಿನ ಬೇಲುಗಳ ಜೊತೆ ಲಾರಿಯಲ್ಲಿ ತರಿಸಿದರು. ಟ್ರೆಡ್‌ಮಿಲ್ ಎಂಬ ಹೆಸರು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ರಬ್ಬರಿನ ಪಟ್ಟಾ ಕಾಲ ಕೆಳಗೆ ಓಡುತ್ತದೆ, ಮನುಷ್ಯ ಇದ್ದಲ್ಲೇ ನಡೆಯುತ್ತಾನೆ.

ಆದರೆ ಮಾಮಾ ಹತ್ತಿದ ಕೂಡಲೇ ಪಟ್ಟಾ ನಿಂತುಬಿಡುತ್ತಿತ್ತು. ಸೋಲಾಪುರದ ಇಬ್ಬರು ವೈಂಡರುಗಳು ಅದರ ಮೋಟರಿಗೆ ಹೊಸ ತಂತಿ ಸುತ್ತಿದರು. ಎರಡನೆಯ ಸಲ ಹೊಗೆ ಬಂತು.

“ನಿಮ್ಮಪ್ಪಗ ಹೇಳಪಾ. ಇದು ಅವನ ಕೈಲೇ ಆಗೂ ಕೆಲಸ,” ಎಂದರು.

“ಯಾರಿಗೆ ಹೇಳಬೇಕ್ರಿ ಮಾಮಾ?”

“ನಿಮ್ಮಪ್ಪಗೋ. ಮಿಸ್ತ್ರಿಗೆ.”

ನಾನು ಹೇಳುತ್ತೇನೆ ಎಂದೆ. ಡಾಕ್ಟರು ಎಷ್ಟು ಹೊತ್ತು ನಡೆಯಲು ಹೇಳಿದ್ದಾರೆ ಎಂದು ಕೇಳಿದೆ. “ಹದಿನೈದ ಮಿನಿಟ್” ಎಂದರು. ಆ ಸಂಖ್ಯೆಯನ್ನು ನೆನಪಿನಲ್ಲಿ ಇಟ್ಟುಕೊಂಡೆ. ಎಂದಾದರೂ ಬೇಕಾಗುತ್ತದೆ ಅನ್ನಿಸಿತ್ತು.

ಭಾನುವಾರ ಅಕ್ಕಲಕೋಟೆಗೆ ಹೋಗಿ ಸುದ್ದಿ ಹೇಳಿದೆ. ಅಪ್ಪ ಮೋಟರಿನ ಅಳತೆ ಕೇಳಿದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನತ್ತ ನೋಡಿದಳು.

“ಹೊಂಟೀರೇನು?”

“ಎದಿ ಬ್ಯಾನಿ ಮನಷ್ಯಾ ಅದಾನ. ಹೋಗಬೇಕಲ್ಲ.”

“ಹೋಗ್ರಿ. ಟೋಪಿ ಇಲ್ದ ಬಂದ್ರ ಬಾಗಲಾ ತಗಿಯಂಗಿಲ್ಲ.” ನನ್ನ ಕಡೆ ತಿರುಗಿ, “ನಿನಗೂ ಹೇಳಾಕತ್ತೀನಿ. ನಿಮ್ಮಪ್ಪನ ಬಾಯಾಗ ಮಾತ ಬರೂದಿಲ್ಲ. ನೀ ಪೇಪರದಾವ ಅದೀಯಲ್ಲ?” ಎಂದಳು.

ಅಪ್ಪ ಮಶೀನು ನೋಡಿದ ಮೊದಲ ದಿನವೇ ತೀರ್ಪು ಕೊಟ್ಟ. ಅವನು ಮಾಮಾನನ್ನು ‘ಸಾವಕಾರ’ ಎಂದೇ ಕರೆಯುತ್ತಿದ್ದ. ಆ ಟೋಪಿಯ ಮದುವೆಗೆ ಮುಂಚೆ ಹಾಗೆ ಕರೆಯುತ್ತಿರಲಿಲ್ಲ.

“ಇದು ಅರ್ಧಾ ಹಾರ್ಸ್‌ದ ಮೋಟರ್ರಿ ಸಾವಕಾರ್ರ. ಹತ್ತ ಸಲ ಸುತ್ತಿದ್ರೂ ನಿಮ್ಮ ಭಾರ ಎಳಿಯಂಗಿಲ್ಲ. ಇದನ್ನ ತಗದ ಮಗ್ಗದ ಮೋಟರ್ ಕೂಡಸೂಣು. ಒಂದ ಹಾರ್ಸ್. ಆನಿ ನಿಂತ್ರೂ ತಿರಗತದ.”

ಮಗ್ಗದ ಮೋಟರಿಗೆ ಮೂರು ಫೇಜಿನ ಕರೆಂಟು ಬೇಕು. ಅದು ಶೆಡ್ಡಿನಲ್ಲಿತ್ತು, ಹಾಲ್‌ನಲ್ಲಿರಲಿಲ್ಲ. ಗೋಡೆಗೆ ತೂತು ಕೊರೆದು ಕೇಬಲ್ ಎಳೆಯುವುದೆಂದು ಆಯಿತು. ಹಸಿರು, ಕೆಂಪು ಗುಂಡಿಗಳ ಕಬ್ಬಿಣದ ಸ್ಟಾರ್ಟರನ್ನು ಮಶೀನಿನ ಹಿಡಿಕೆಯ ಪಕ್ಕದ ಗೋಡೆಗೆ ಕೂಡಿಸುತ್ತೇನೆ ಎಂದು ಅಪ್ಪ ಹೇಳಿದ. ನಡೆಯುವವನ ಕೈಗೇ ಕೆಂಪು ಗುಂಡಿ ಸಿಗಬೇಕು ಎಂದ. ಮಾಮಾ ಒಪ್ಪಲಿಲ್ಲ. ಹಾಲ್‌ಗೆ ಆಗಷ್ಟೇ ಬಣ್ಣ ಹೊಡೆಸಿದ್ದರು.

“ಬಂದ ಮಂದಿ ಏನಂತಾರ? ದಿವಾಣಖಾನಿಗೆ ಮಗ್ಗದ ಡಬ್ಬಿ ಬಡದಾನ ಅಂತಾರ. ಅದು ಶೆಡ್‌ನಾಗ ಇರಲಿ. ಒಬ್ಬ ಮನಷ್ಯಾನ್ನ ನಿಂದ್ರಸ್ತೀನಿ, ಅಂವ ಚಾಲೂ ಮಾಡ್ತಾನ, ಬಂದ್ ಮಾಡ್ತಾನ.”

“ಕೈಗೆ ಸಿಗಬೇಕ್ರಿ ಸಾವಕಾರ್ರ.”

“ಮಿಸ್ತ್ರಿ, ಹೇಳಿದಷ್ಟ ಮಾಡು.”

ಅಪ್ಪ ಹೇಳಿದಷ್ಟೇ ಮಾಡಿದ. ಹಳೆಯ ಮೋಟರನ್ನೂ ಅದರ ಟ್ರಾನ್ಸ್‌ಫಾರ್ಮರನ್ನೂ ಬಿಚ್ಚಿ ಬದಿಗಿಟ್ಟ. ಚೌಕಟ್ಟಿಗೆ ಹೊಸ ತೂತು ಕೊರೆದು ಮಗ್ಗದ ಮೋಟರನ್ನು ಬೋಲ್ಟು ಹಾಕಿ ಬಿಗಿದ. ಅದರ ವೇಗ ಹೆಚ್ಚು, ಹಾಗೇ ಬಿಟ್ಟರೆ ಮನುಷ್ಯನನ್ನು ಎತ್ತಿ ಎಸೆಯುತ್ತದೆ. ಅದಕ್ಕೆ ಲೇತಿನವನಿಂದ ಎರಡು ಮೆಟ್ಟಿಲಿನ ಪುಲ್ಲಿ ಮಾಡಿಸಿ ಬೆಲ್ಟನ್ನು ಸಣ್ಣ ಮೆಟ್ಟಿಲಿಗೆ ಹಾಕಿದ. ಮೊದಲ ಸಲ ಚಾಲೂ ಮಾಡಿದಾಗ ಪಟ್ಟಾ ಹಿಂದುಮುಂದಾಗಿ ಓಡಿತು. ಎರಡು ತಂತಿ ಅದಲುಬದಲು ಮಾಡಿದ, ಸರಿಹೋಯಿತು. ಪಟ್ಟಾದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಗಡಿಯಾರ ನೋಡಿಕೊಂಡು ಸುತ್ತು ಎಣಿಸಿದ. ಆಮೇಲೆ ತಾನೇ ಹತ್ತಿ ನಡೆದು ನೋಡಿದ. ಸಂತೆಗೆ ಹೊರಟ ಮನುಷ್ಯನ ನಡಿಗೆ ಅದು, ಅದಕ್ಕಿಂತ ಹೆಚ್ಚಿಲ್ಲ.

ಬೆಲ್ಟನ್ನು ದೊಡ್ಡ ಮೆಟ್ಟಿಲಿಗೆ ಸರಿಸಿದರೆ ಪಟ್ಟಾ ಎರಡು ಪಟ್ಟು ಜೋರಾಗಿ ಓಡುತ್ತಿತ್ತು, ಸರಿಸಲು ಒಂದು ನಿಮಿಷ ಸಾಕಿತ್ತು. ಅಪ್ಪ ಚಹಾ ಕುಡಿಯಲು ಹೋದಾಗ ನಾನು ಆ ಪುಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದೆ. ಸರಿಸಲಿಲ್ಲ. ಒಳ್ಳೆಯತನದಿಂದಲ್ಲ. ಅಪ್ಪ ಬಂದು ಮೋಟರಿನ ಸದ್ದು ಕೇಳಿದೊಡನೆ ಹಿಡಿದುಬಿಡುತ್ತಿದ್ದ. ಅಲ್ಲದೆ ನನಗೆ ಬೇಕಾದದ್ದು ಮಾಮಾ ಬೀಳುವುದಲ್ಲ. ಅವರು ಬಾಯಿ ಬಿಟ್ಟು ‘ದಾಜಿ’ ಎನ್ನುವುದು.

ಗುರುವಾರ ಬೆಳಿಗ್ಗೆ ಪೂಜೆ. ಮಶೀನಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಕಾಯಿ ಒಡೆದರು. ನೋಡಲೆಂದು ಪೇಟೆಯ ಮೂವರು ವ್ಯಾಪಾರಿಗಳನ್ನು ಮಾಮಾ ಚಹಾಕ್ಕೆ ಕರೆದಿದ್ದರು. ಅವರಲ್ಲೊಬ್ಬ, ಸೈಕಲ್ ನಿಲ್ಲಿಸಿ ಗಾಡಿ ಮಾರಿದಿರೇನು ಎಂದು ಕೇಳಿದವನು. ಸ್ಟಾರ್ಟರಿನ ಬಳಿ ನಿಲ್ಲಬೇಕಾಗಿದ್ದ ನೇಕಾರನನ್ನು ನಾನು ಮಗ್ಗಕ್ಕೆ ಕಳಿಸಿ, “ಇವತ್ತ ನಾ ನಿಂದರ್ತೀನಿ” ಎಂದೆ. ಶೆಡ್ಡಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ. ಕಿಟಕಿಯ ಸರಳುಗಳ ಆಚೆ ಹಾಲ್ ಪೂರ್ತಿ ಕಾಣುತ್ತಿತ್ತು.

ಮಾಮಾ ಧೋತರ ಎತ್ತಿ ಕಟ್ಟಿ ಪಟ್ಟಾದ ಮೇಲೆ ಹತ್ತಿದರು. ಒಬ್ಬ ವ್ಯಾಪಾರಿ ಅಪ್ಪನನ್ನು ತೋರಿಸಿ, “ಇವರು ಯಾರ್ರಿ?” ಎಂದ.

“ಇಂವಾ? ಅಕ್ಕಲಕೋಟಿ ಮಿಸ್ತ್ರಿ.”

ನಾನು ಹಸಿರು ಗುಂಡಿ ಒತ್ತಿದೆ. ಗಡಿಯಾರ ನೋಡಿದೆ.

ಮೋಟರು ಚೆನ್ನಾಗಿ ಎಳೆಯಿತು. ಒಂದು ಕ್ಷಣವೂ ತಡವರಿಸಲಿಲ್ಲ. ವ್ಯಾಪಾರಿಗಳು ಚಪ್ಪಾಳೆ ತಟ್ಟಿದರು. “ಸೇಟ್, ಹಿಂಗ ನಡದ್ರ ಮಂದ್ರೂಪ ಊರ ದಾಟತೀರಿ!” ಎಂದ ಒಬ್ಬ. ಮಾಮಾ ನಕ್ಕರು. ಆರನೆಯ ನಿಮಿಷಕ್ಕೆ ನಗು ನಿಂತಿತು. ಅವರು ಕಿಟಕಿಯತ್ತ ತಿರುಗಿ ಕೈ ಬೀಸಿದರು.

“ಸಾಕು, ಬಂದ್ ಮಾಡೋ!”

“ಕೇಳಸವಲ್ದರಿ ಮಾಮಾ! ಮಗ್ಗದ ಗದ್ದಲ!”

“ಬಂದ್ ಮಾಡು ಅಂದ್ನಿ!”

ಇಳಿಯಲು ಅವರಿಗೆ ಧೈರ್ಯವಿರಲಿಲ್ಲ. ಎರಡೂ ಬದಿಗೆ ಕಬ್ಬಿಣದ ಕಂಬಿ, ಹಿಂದೆ ಸೋಫಾದ ಮೇಲೆ ಅತಿಥಿಗಳು. ಬಿದ್ದರೆ ಪೇಟೆಗೆಲ್ಲ ಸುದ್ದಿ. ಹಿಡಿಕೆಯನ್ನು ಅವುಚಿಕೊಂಡು ನಡೆದರು. ಬೆವರು ಗಲ್ಲಕ್ಕೆ ಇಳಿಯಿತು. ಅಪ್ಪ ಕಿಟಕಿಯ ಬಳಿ ಬಂದು ಸಣ್ಣಗೆ, “ಒತ್ತು” ಎಂದ. ನಾನು ಒತ್ತಲಿಲ್ಲ. ಅಪ್ಪನ ಮಾತು ಮೀರಿದ್ದು ಅದೇ ಮೊದಲು.

“ಮಿಸ್ತ್ರಿ! ಏ ಮಿಸ್ತ್ರಿ, ನಿನ್ನ ಮಗಗ ಹೇಳೋ!” ಮಾಮಾ ಕೂಗಿದರು.

ನಾನೂ ಸರಳಿಗೆ ಬಾಯಿ ಕೊಟ್ಟು ಕೂಗಿದೆ. “ಇಲ್ಲಿ ಮಿಸ್ತ್ರಿ ಯಾರೂ ಇಲ್ಲರಿ ಮಾಮಾ! ನಿಮ್ಮ ತಂಗಿ ಗಂಡ ಅದಾರ! ಅವರಿಗೆ ಏನಂತ ಕರೀತಾರ?”

ಹಾಲ್‌ನಲ್ಲಿ ಚಹಾದ ಕಪ್-ಬಶಿಗಳ ಸದ್ದು ನಿಂತಿತು. “ಅಳ್ಯಾರೇನ್ರಿ ಇವರು? ಮಿಸ್ತ್ರಿ ಅಂದ್ರಲ್ಲರಿ ಸೇಟ್?” ಎಂದ ಸೈಕಲಿನವನು.

ಒಂಬತ್ತು ನಿಮಿಷ. ಮಾಮಾ ಅಪ್ಪನತ್ತ ನೋಡಿದರು. ಅಪ್ಪ ನೆಲ ನೋಡುತ್ತಿದ್ದ. ಮಾಮಾನ ಮುಖದ ಬಣ್ಣ, ಉಸಿರು, ಹೆಜ್ಜೆ ಮೂರನ್ನೂ ನಾನು ಗಮನಿಸುತ್ತಿದ್ದೆ, ಬೆರಳು ಕೆಂಪು ಗುಂಡಿಯ ಮೇಲೆಯೇ ಇತ್ತು. ಇದನ್ನು ಸಮರ್ಥನೆಗೆಂದು ಬರೆಯುತ್ತಿಲ್ಲ. ಹಾಗಿತ್ತು, ಅಷ್ಟೇ.

ಹತ್ತು ದಾಟಿತು.

“ದಾಜಿ,” ಎಂದರು ಮಾಮಾ.

“ಕೇಳಸವಲ್ದರಿ!”

“ದಾಜೀ! ಬಂದ್ ಮಾಡಸ್ರಿ ದಾಜಿ!”

“ಟೋಪಿ ಬಾಕಿ ಐತಿ ಮಾಮಾ!”

“ಕೊಡತೀನೋ! ಏ, ಯಾರಲ್ಲಿ? ಟೋಪಿ ತರ್ರಿ!”

ಕೆಂಪು ಗುಂಡಿ ಒತ್ತಿದೆ. ಹನ್ನೊಂದು ನಿಮಿಷ. ಡಾಕ್ಟರು ಹೇಳಿದ್ದಕ್ಕಿಂತ ನಾಲ್ಕು ಕಡಿಮೆ.

ನಾನು ಹಾಲ್‌ಗೆ ಬರುವ ಹೊತ್ತಿಗೆ ಮಾಮಾ ಪಟ್ಟಾದ ಮೇಲೆಯೇ ಕುಳಿತಿದ್ದರು. ಅಪ್ಪ ಅವರಿಗೆ ನೀರು ಕುಡಿಸುತ್ತಿದ್ದ. ಅತ್ತೆ ಒಳಗಿನಿಂದ ತಟ್ಟೆ ಹಿಡಿದು ಬಂದರು. ಅದರಲ್ಲಿ ಒಂದು ಕಾಯಿ, ಒಂದು ಬಿಳಿ ಟೋಪಿ. ಅಂಗಡಿಯಿಂದ ತರಿಸುವಷ್ಟು ವೇಳೆ ಆಗಿರಲಿಲ್ಲ. ಟೋಪಿಯ ಮಡಿಕೆಯಲ್ಲಿ ಹಳದಿ ಗೆರೆ ಬಿದ್ದಿತ್ತು, ಡಾಂಬರು ಗುಳಿಗೆಯ ವಾಸನೆ ಬರುತ್ತಿತ್ತು. “ಲಗ್ನದಾಗ ಇವರ ಸಲುವಾಗಿ ತಂದಿದ್ದೇ ಇದು. ಟ್ರಂಕಿನ್ಯಾಗ ಉಳದಿತ್ತು,” ಎಂದರು ಅತ್ತೆ, ಗಂಡನ ಮುಖ ನೋಡದೆ. ಮಾಮಾ ಅದನ್ನು ಅಪ್ಪನ ತಲೆಗೆ ಇಟ್ಟರು. ಮೂವರು ವ್ಯಾಪಾರಿಗಳೂ ಎದ್ದು ನಿಂತು ನೋಡಿದರು.

ಅಪ್ಪ ಟೋಪಿ ತೆಗೆದು ಜೇಬಿಗೆ ಹಾಕಿಕೊಂಡ. ಆಮೇಲೆ ಯಾರನ್ನೂ ಕೇಳದೆ, ಶೆಡ್ಡಿಗೆ ಹೋಗಿ ಮೇನ್ ಇಳಿಸಿ, ಸ್ಟಾರ್ಟರ್ ಬಿಚ್ಚಿ ತಂದು, ಹೊಸ ಬಣ್ಣದ ಗೋಡೆಗೆ ನಾಲ್ಕು ತೂತು ಹೊಡೆದು ಹಿಡಿಕೆಯ ಪಕ್ಕದಲ್ಲೇ ಕೂಡಿಸಿದ. ಸುಣ್ಣದ ಪುಡಿ ಹೂವಿನ ಹಾರದ ಮೇಲೆ ಉದುರಿತು.

ಬಸ್ಸಿನಲ್ಲಿ ಅರ್ಧ ದಾರಿಗೆ ಬಂದ ಮೇಲೆ ಅಪ್ಪ, “ಅಂವ ಸತ್ತಿದ್ರ ಏನಂತಿದ್ರು? ಅಕ್ಕಲಕೋಟಿಯಾಂವ ಕೂಡಿಸಿದ ಮೋಟರ್ ಕೊಂದ್ತು ಅಂತಿದ್ರು. ನಿನ್ನ ಹೆಸರ ಯಾರೂ ಹೇಳತಿದ್ದಿಲ್ಲ,” ಎಂದ. ಅವನು ಹೇಳಿದ್ದು ನಿಜ. ಆದರೆ ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪ ಆಗಲಿಲ್ಲ. ಇಂದಿಗೂ ಇಲ್ಲ.

ಅವ್ವ ಬಾಗಿಲಲ್ಲೇ ಕೈ ಚಾಚಿದಳು. ಟೋಪಿ ನೋಡಿ, ಮೂಸಿ, ದಾರಿ ಬಿಟ್ಟಳು. ಅಪ್ಪ ಕೈಕಾಲು ತೊಳೆಯುವಷ್ಟರಲ್ಲಿ ಮನೆಗೆ ಅಂಟಿದ ಅವನ ಅಂಗಡಿಗೆ ಹೋಗಿ, ಆ ಕಪ್ಪು ಟಾವೆಲನ್ನು ಮೊಳೆಯಿಂದ ಕಿತ್ತು ತಂದು ನೀರೊಲೆಗೆ ಹಾಕಿದಳು. ಗ್ರೀಸು ಕುಡಿದಿದ್ದರಿಂದ ಭಗ್ಗೆಂದು ಹತ್ತಿಕೊಂಡಿತು. ಅದೇ ಮೊಳೆಗೆ ಟೋಪಿ ತೂಗುಹಾಕಿದಳು, ಬಂದ ರೈತರೆಲ್ಲ ನೋಡಲಿ ಎಂದು.

ಮರುದಿನ ಬೆಳಿಗ್ಗೆ ನಾಗಣಸೂರದ ಒಂದು ಮೋಟರ್ ಬಂದಿತ್ತು. ಅಪ್ಪ ಅದರ ಬೇರಿಂಗು ಬಿಚ್ಚಿದ. ಎದ್ದು ನಿಂತು, ಮೊಣಕೈವರೆಗೆ ಗ್ರೀಸು ಮೆತ್ತಿದ ಕೈಯನ್ನು ರೂಢಿಯಂತೆ ಮೊಳೆಯತ್ತ ಚಾಚಿದ. ಟಾವೆಲಿನ ಜಾಗದಲ್ಲಿ ಟೋಪಿ ಇತ್ತು. ಬಾಗಿಲಲ್ಲಿ ಅವ್ವ ನಿಂತಿದ್ದಳು, ನಾನೂ ಇದ್ದೆ. ಅಪ್ಪ ಇಬ್ಬರನ್ನೂ ಒಮ್ಮೆ ನೋಡಿದ. ಆಮೇಲೆ ಟೋಪಿ ಇಳಿಸಿಕೊಂಡು, ಒಂದೊಂದೇ ಬೆರಳನ್ನು ಅವಸರವಿಲ್ಲದೆ ಅದಕ್ಕೆ ಒರೆಸಿ, ಮತ್ತೆ ಅದೇ ಮೊಳೆಗೆ ತೂಗುಹಾಕಿದ.