ಹನ್ನೆರಡು ಪಾಠದ ಫ್ರೆಂಚು

ನಲವತ್ತೇಳು ವರ್ಷದ ರತ್ನಪ್ರಭಾ ಮೇಡಂ ಆರನೇ ಕ್ಲಾಸಿನ ಕೊನೇ ಬೆಂಚಿಗೆ ಬಂದು ಕೂತ ದಿನ ಅಲ್ಲಿದ್ದ ನಲವತ್ತೊಂದು ಮಕ್ಕಳೂ ಒಂದಿಷ್ಟು ಹೊತ್ತು ಉಸಿರು ಬಿಗಿಹಿಡಿದುಕೊಂಡೇ ಇದ್ದವು. ದೆಹಲಿ ಪಕ್ಕದ ಫರೀದಾಬಾದಿನ ಆ ಶಾಲೆಯಲ್ಲಿ ಹದಿನೇಳು ವರ್ಷದಿಂದ ಸಂಸ್ಕೃತ ಕಲಿಸುತ್ತಿದ್ದವರು ಅವರು. ಕಾರಿಡಾರಿನಲ್ಲಿ ಅವರ ಚಪ್ಪಲಿ ಸದ್ದು ಕೇಳಿದರೆ ದೊಡ್ಡ ಹುಡುಗರೂ ಶರ್ಟು ಒಳಗೆ ಸೇರಿಸಿಕೊಳ್ಳುತ್ತಿದ್ದರು. ಅಂಥವರು ಈಗ ಮೊಣಕಾಲು ಡೆಸ್ಕಿಗೆ ತಾಗುವ ಬೆಂಚಿನಲ್ಲಿ, ಸೀರೆ ನೆರಿಗೆ ಒತ್ತರಿಸಿಕೊಂಡು, ಹೊಸ ನೋಟ್‌ಬುಕ್ಕು ತೆರೆದು ಫ್ರೆಂಚ್ ಕಲಿಯುವುದಕ್ಕೆ ಕೂತಿದ್ದರು. ಕಲಿಸುವುದಕ್ಕೆ ನಿಂತವಳು ಅಪೂರ್ವ, ಇಪ್ಪತ್ತನಾಲ್ಕರ ಹುಡುಗಿ.

ಇದು ಎರಡು ಸಾವಿರದ ಐದನೇ ಇಸವಿಯ ಮಾತು. ಆ ವರ್ಷ ಆರನೇ ಕ್ಲಾಸಿಗೆ ಬಂದ ಮಕ್ಕಳ ಮನೆಗೆಲ್ಲ ಶಾಲೆಯಿಂದ ಒಂದು ಚೀಟಿ ಹೋಯಿತು. ಮೂರನೇ ಭಾಷೆ ಸಂಸ್ಕೃತವೋ ಫ್ರೆಂಚೋ, ಒಂದಕ್ಕೆ ಗುರುತು ಹಾಕಿ ಕಳಿಸಿ ಅಂತ. ಐವತ್ತೆಂಟರಲ್ಲಿ ಹದಿನೇಳೇ ಹದಿನೇಳು ಚೀಟಿ ಸಂಸ್ಕೃತಕ್ಕೆ ಬಂದವು. ಪ್ರಿನ್ಸಿಪಾಲ್ ಮೇಡಂ ರತ್ನಪ್ರಭಾ ಅವರನ್ನು ಕರೆಸಿ, ಚಹಾ ತರಿಸಿ, ಮೆತ್ತಗೆ ಮಾತು ತೆಗೆದರು. ಮುಂದಿನ ವರ್ಷ ಹದಿನೇಳೂ ಬರುವುದಿಲ್ಲ. ಅಪೂರ್ವ ಒಂದು ವರ್ಷದ ಮಟ್ಟಿಗೆ ಬಂದಿರುವ ಹುಡುಗಿ, ನೀವು ಪರ್ಮನೆಂಟು. ಈ ವರ್ಷ ಅವಳ ಕ್ಲಾಸಿನಲ್ಲೇ ಕೂತು ಕಲಿತುಬಿಡಿ, ಮುಂದಿನ ವರ್ಷ ಆರು ಏಳು ಎರಡರ ಫ್ರೆಂಚೂ ನಿಮಗೇ. ಕಲಿಯದಿದ್ದರೆ ಲೈಬ್ರರಿ ಬೀಗದ ಕೈ, ಮತ್ತೆ ಅರೇಂಜ್‌ಮೆಂಟ್ ಪೀರಿಯಡ್ಡು. ಅರೇಂಜ್‌ಮೆಂಟ್ ಅಂದರೆ ಯಾವ ಟೀಚರು ಬಂದಿಲ್ಲವೋ ಅವರ ಕ್ಲಾಸಿಗೆ ಹೋಗಿ ಮಕ್ಕಳು ಗಲಾಟೆ ಮಾಡದ ಹಾಗೆ ಕಾಯುತ್ತ ಕೂರುವುದು. ಹದಿನೇಳು ವರ್ಷ ಪಾಠ ಹೇಳಿದವರಿಗೆ ಅದು ಬಾಗಿಲು ಕಾಯುವ ಕೆಲಸದ ಹಾಗೆ ಕಂಡಿತು. ಹೂಂ ಅಂದರು. ಅಪೂರ್ವಳಿಗೆ ಮಾತ್ರ ಈ ಏರ್ಪಾಟನ್ನು ಯಾರೂ ಹೇಳಲಿಲ್ಲ. ಹಿರಿಯರೊಬ್ಬರಿಗೆ ಕಲಿಯುವ ಆಸೆ ಅಂತ ಅವಳು ಸಂತೋಷಪಟ್ಟುಕೊಂಡಳು.

ರತ್ನಪ್ರಭಾ ಅವರ ಹಾಗೆ ಅಪೂರ್ವಳೂ ಕನ್ನಡದವಳೇ. ಅವಳಪ್ಪ ಗೋಪಿನಾಥರು ದೆಹಲಿಯಲ್ಲಿ ಯಾವುದೋ ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರು. ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ಮೋತಿಬಾಗಿನ ಕ್ವಾರ್ಟರ್ಸಿನಲ್ಲಿ, ಹಾಗಾಗಿ ಅವಳ ಕನ್ನಡಕ್ಕೆ ನಡುನಡುವೆ ಹಿಂದಿಯ ತೇಪೆ. ದಿನಾ ಎರಡು ಬಸ್ಸು ಬದಲಾಯಿಸಿ, ಬದರ್‌ಪುರದ ಜಾಮ್ ದಾಟಿ ಬರಬೇಕು. ಮಕ್ಕಳ ಮುಂದೆ ರತ್ನಪ್ರಭಾ ಅವರನ್ನು ಮ್ಯಾಮ್ ಅನ್ನುವಳು, ಆಚೆ ಬಂದರೆ ಆಂಟಿ.

ರತ್ನಪ್ರಭಾ ಅವರಿಗೆ ಅವಳ ಯಾವುದೂ ಹಿಡಿಸಲಿಲ್ಲ. ಕೂದಲು ಬಿಟ್ಟುಕೊಂಡು ಬರುವಳು, ಮೇಜಿನ ಅಂಚಿಗೆ ಹತ್ತಿ ಕೂರುವಳು. ಒಂದು ಸ್ಪಂಜಿನ ಚೆಂಡು ಇಟ್ಟುಕೊಂಡಿದ್ದಳು. ಅದನ್ನು ಯಾರ ಕಡೆ ಎಸೆದಳೋ ಆ ಮಗು ಎದ್ದು ಫ್ರೆಂಚಿನಲ್ಲಿ ಉತ್ತರ ಹೇಳಬೇಕು. ಮಕ್ಕಳು ನನಗೆ ನನಗೆ ಅಂತ ಬೆಂಚು ಹತ್ತುತ್ತಿದ್ದವು. ಇದು ಕ್ಲಾಸೋ ಸಂತೆಯೋ ಅಂತ ಮೊದಮೊದಲು ರತ್ನಪ್ರಭಾ ಮುಖ ಸಿಂಡರಿಸಿದರು. ಆಮೇಲೆ ಒಂದು ಬೆಳಿಗ್ಗೆ, ಗೇಟಿನಿಂದ ಆ ಹುಡುಗಿಯ ಚೀಲ ಹೊತ್ತು ತರಲು ನಾಲ್ಕು ಮಕ್ಕಳು ಜಗಳವಾಡುವುದನ್ನು ನೋಡಿದರು. ಅವರ ಚೀಲವನ್ನು ಹದಿನೇಳು ವರ್ಷದಲ್ಲಿ ಯಾರೂ ಹೊತ್ತಿರಲಿಲ್ಲ. ಹೊರುತ್ತೇನೆ ಎಂದು ಬಂದವರನ್ನು ಅವರೇ ಗದರಿಸಿ ಕಳಿಸಿದ್ದರು ಎನ್ನುವುದು ಆಗ ನೆನಪಿಗೆ ಬರಲಿಲ್ಲ.

ಇದೆಲ್ಲವನ್ನೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಸಿಂಧೂರ.

ಸಿಂಧೂರ ಅವರ ಪಕ್ಕದ ಬ್ಲಾಕಿನ ಲೀಲಾಳ ಮಗಳು. ಮೂರನೇ ಕ್ಲಾಸಿನಿಂದ ಪ್ರತಿ ಶನಿವಾರ ಮಧ್ಯಾಹ್ನ ರತ್ನಪ್ರಭಾ ಅವರ ಮನೆ ಚಾಪೆಯ ಮೇಲೆ ಕೂತು ಶ್ಲೋಕ ಕಲಿತ ಮಗು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಸಾಲಿನ ಕೊನೆಗೆ ದನಿಯನ್ನು ಬೀಳಿಸದೆ ಹೇಗೆ ಇಳಿಸಬೇಕು, ಎಲ್ಲವನ್ನೂ ತಮಗೆ ಮಕ್ಕಳಿಲ್ಲದ ಆ ಮನೆಯಲ್ಲಿ ಅವರು ತುತ್ತಿಟ್ಟ ಹಾಗೆ ಇಟ್ಟು ಕಲಿಸಿದ್ದರು. ಐದನೇ ಕ್ಲಾಸಿನಲ್ಲಿ ಅದು ಇಡೀ ಜಿಲ್ಲೆಯ ಶಾಲೆಗಳ ಶ್ಲೋಕ ಸ್ಪರ್ಧೆಯಲ್ಲಿ ಕಪ್ಪು ಗೆದ್ದು ತಂದಿತ್ತು. ಆ ಸಿಂಧೂರ ಫ್ರೆಂಚಿಗೆ ಗುರುತು ಹಾಕಿತ್ತು. ತರಕಾರಿ ಗಾಡಿಯ ಹತ್ತಿರ ಸಿಕ್ಕಿದ ಲೀಲಾ, ತಾನು ಎಷ್ಟು ಹೇಳಿದರೂ ಕೇಳಲಿಲ್ಲ, ಗೆಳತಿಯರೆಲ್ಲ ಅದಕ್ಕೇ ಹೋಗುತ್ತಾರೆ ಅಂತ ಹಠ ಮಾಡಿದಳು ಅಂತ ಸಂಕೋಚದಿಂದ ಹೇಳಿದಳು. ಮಕ್ಕಳ ಇಷ್ಟ ಅಲ್ಲವೇ ಅಂದುಬಿಟ್ಟು ರತ್ನಪ್ರಭಾ ತೂಕಕ್ಕೆ ಹಾಕಿದ್ದ ಬೆಂಡೆಕಾಯನ್ನೂ ಮರೆತು ಮನೆಗೆ ಬಂದರು. ಶನಿವಾರದ ಚಾಪೆ ಅಟ್ಟ ಸೇರಿತು.

ಮನಸ್ಸಿನಲ್ಲಿ ಎಷ್ಟು ಕುದಿಯಿತೋ ಅಷ್ಟು ಹಟ ಹಿಡಿದು ಅವರು ಕಲಿತರು. ಫ್ರೆಂಚನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವರು. ಬೆಳಿಗ್ಗೆ ಕುಕ್ಕರ್ ಕೂಗುವ ಮೊದಲು ಒಂದು ಪುಟ, ಸಂಜೆ ದೀಪ ಹಚ್ಚಿ ಒಂದು ಪುಟ. ಮಂತ್ರ ಬಾಯಿಪಾಠ ಮಾಡಿದ ನಾಲಿಗೆಗೆ ಅದೇನು ದೊಡ್ಡದು? ದೀಪಾವಳಿಯ ಹೊತ್ತಿಗೆ ಎಂಟು ಪಾಠ, ಜನವರಿಯಲ್ಲಿ ಪುಸ್ತಕದ ಹನ್ನೆರಡೂ ಪಾಠ ಒಂದಕ್ಷರ ತಪ್ಪದೆ ಬಂದವು. ಸಂಭಾಷಣೆಯ ಪಾಠಗಳಲ್ಲಿ ಎರಡೂ ಕಡೆಯ ಮಾತು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರ ಗಂಡ ಏಕನಾಥರು, ಮನೆಯಲ್ಲಿ ನೀನೊಬ್ಬಳೇ ಇಬ್ಬರಾಗಿ ಮಾತಾಡಿಕೊಳ್ಳುತ್ತಿದ್ದರೆ ಕೆಳಗಿನ ಮನೆಯವರು ಏನೆಂದುಕೊಂಡಾರು ಅಂತ ನಗುತ್ತಿದ್ದರು.

ಆದರೆ ಅಪೂರ್ವ ಪುಸ್ತಕದ ಮಾತನ್ನೇ ಸ್ವಲ್ಪ ತಿರುಗಿಸಿ ಕೇಳಿದರೆ ಸಾಕು, ರತ್ನಪ್ರಭಾ ಕಲ್ಲಾಗುತ್ತಿದ್ದರು. ಪಾಠದ ದಾರಿಯಲ್ಲಿ ಓಡುವ ಕಾಲು ಪಕ್ಕಕ್ಕೆ ಒಂದು ಹೆಜ್ಜೆ ಇಡಲೊಲ್ಲದು. ತಪ್ಪುತಪ್ಪಾಗಿಯಾದರೂ ಸಿಂಧೂರ ಬಡಬಡ ಉತ್ತರ ಹೇಳಿ ನಗುತ್ತಿತ್ತು. ಎರಡು ಸಲ ಹೀಗಾದ ಮೇಲೆ ಅಪೂರ್ವ ಇವರ ಕಡೆ ಚೆಂಡು ಎಸೆಯುವುದನ್ನೇ ಬಿಟ್ಟಳು. ಕನಿಕರ ತೋರಿಸುತ್ತಾಳೆ ನೋಡು, ಅಂತ ಅದಕ್ಕೂ ಉರಿ.

ನವೆಂಬರಿನಲ್ಲಿ ಮಕ್ಕಳ ದಿನದ ಅಸೆಂಬ್ಲಿಯಲ್ಲಿ ಸಿಂಧೂರ ಒಂದು ಫ್ರೆಂಚ್ ಪದ್ಯ ಹೇಳಿತು. ಕಣ್ಣು ಮುಚ್ಚಿ, ಉಸಿರು ತುಂಬಿಕೊಂಡು, ಸಾಲಿನ ಕೊನೆಗೆ ದನಿಯನ್ನು ಮೆಲ್ಲಗೆ ಇಳಿಸುತ್ತ. ಅರ್ಥ ಗೊತ್ತಿಲ್ಲದವರೂ ತಲೆದೂಗಿದರು. ಟೀಚರುಗಳೆಲ್ಲ ಅಪೂರ್ವಳ ಕೈ ಕುಲುಕಿದರು. ಅವಳು ಥ್ಯಾಂಕ್ಯೂ ಥ್ಯಾಂಕ್ಯೂ ಅನ್ನುತ್ತ ಕೆಂಪಾದಳು. ಆ ಉಸಿರು ಯಾರು ಕಲಿಸಿದ್ದು ಅಂತ ಒಬ್ಬರಾದರೂ ಕೇಳಲಿ ಎಂದು ರತ್ನಪ್ರಭಾ ಕಂಬದ ಪಕ್ಕ ನಿಂತೇ ಇದ್ದರು. ಯಾರೂ ಕೇಳಲಿಲ್ಲ.

ಆ ಮಧ್ಯಾಹ್ನವೇ ಯಾವುದೋ ರಿಜಿಸ್ಟರಿನ ನೆಪದಲ್ಲಿ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಹೊರಡುವಾಗ ಬಾಗಿಲಲ್ಲಿ ನಿಂತು ಎರಡು ಮಾತು ಉದುರಿಸಿ ಬಂದರು. ಹುಡುಗಿ ವಾರಕ್ಕೆರಡು ಸಲ ತಡವಾಗಿ ಬರುತ್ತಾಳೆ. ಕ್ಲಾಸಿನಲ್ಲಿ ಗದ್ದಲ ಜಾಸ್ತಿ. ಎರಡೂ ನಿಜ. ನಿಜವಾದ್ದರಿಂದಲೇ ಹೇಳುವುದು ಸಲೀಸಾಯಿತು.

ಅಪೂರ್ವಳಿಗೆ ಮೆಮೊ ಬಂತು. ಅದರ ಹಿಂದೆಯೇ ಮುಂದಿನ ವರ್ಷದ ಏರ್ಪಾಟೂ ಸ್ಟಾಫ್ ರೂಮಿನಲ್ಲಿ ಯಾರದೋ ಬಾಯಿಂದ ಅವಳ ಕಿವಿಗೆ ಬಿತ್ತು. ಊಟದ ಡಬ್ಬಿ ಹಿಡಿದುಕೊಂಡು ನೇರ ರತ್ನಪ್ರಭಾ ಅವರ ಎದುರಿಗೆ ಬಂದು ಕೂತಳು.

"ಮುಂದಿನ ವರ್ಷ ನನ್ನ ಕ್ಲಾಸ್ ನಿಮಗಂತೆ ಆಂಟಿ. ಹೌದಾ?"

"ಪ್ರಿನ್ಸಿಪಾಲ್ ಹಾಗೆ ಹೇಳಿದಾರೆ."

"ಏಪ್ರಿಲ್‌ನಿಂದಲೇ ನಿಮಗೆ ಗೊತ್ತಿತ್ತಾ?"

ರತ್ನಪ್ರಭಾ ಚಪಾತಿ ಮುರಿದರು, ಬಾಯಿಗಿಡಲಿಲ್ಲ. ಗೊತ್ತಿತ್ತು ಅಂದರು. ಅಪೂರ್ವ ಡಬ್ಬಿಯ ಮುಚ್ಚಳ ಹಾಕಿ, ಅಚ್ಛಾ ಅಂದು ಎದ್ದು ಹೋದಳು. ಮಾರನೇ ದಿನದಿಂದ ಮೊದಲಿನ ಹಾಗೇ ಪಾಠ ಮಾಡಿದಳು. ಆಂಟಿ ಅನ್ನುವುದು ಮಾತ್ರ ನಿಂತಿತು.

ಫೆಬ್ರವರಿಯಲ್ಲಿ ಪ್ರಿನ್ಸಿಪಾಲರು ಕ್ಲಾಸಿಗೇ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ಅವರಿಗೆ ಫ್ರೆಂಚಿನ ಗಂಧವಿಲ್ಲ. ರತ್ನಪ್ರಭಾ ಎಷ್ಟು ಕಲಿತಿದ್ದಾರೆ ನೋಡಬೇಕು, ಇಬ್ಬರೂ ಎದುರುಬದುರು ನಿಂತು ಮಾತಾಡಿ ಅಂದರು. ಇಂದೇ ತೀರ್ಮಾನ ಅಂತ ಎಲ್ಲರಿಗೂ ತಿಳಿದಿತ್ತು.

ರತ್ನಪ್ರಭಾ ಕೊನೇ ಬೆಂಚಿನಿಂದ ಕಪ್ಪು ಹಲಗೆಯವರೆಗೆ ನಡೆದು ಬಂದರು. ಆ ಹಲಗೆಯ ಮುಂದೆ ಅವರು ಸೆರಗಿನ ತುದಿ ಹಿಡಿದುಕೊಂಡು ನಿಂತದ್ದು ಅದೇ ಮೊದಲು. ಎದುರಿಗೆ ಅಪೂರ್ವ. ಇವಳು ಪುಸ್ತಕದಲ್ಲಿಲ್ಲದ ಒಂದೇ ಒಂದು ಪ್ರಶ್ನೆ ಕೇಳಿದರೆ ಮುಗಿಯಿತು. ನಿಮ್ಮ ಊರು ಯಾವುದು ಅಂದರೂ ಸಾಕು. ನಲವತ್ತೊಂದು ಮಕ್ಕಳ ಮುಂದೆ ತಾನು ಬಾಯಿ ತೆರೆದು ನಿಲ್ಲುವುದು, ಸಿಂಧೂರ ಅದನ್ನು ನೋಡುವುದು, ಎಲ್ಲ ಅವರ ಕಣ್ಣಿಗೆ ಕಟ್ಟಿತು. ಅಪೂರ್ವ ಬಾಯಿ ತೆರೆದಳು, ಮುಚ್ಚಿದಳು. ಒಂದು ಸಲ ಕಿಟಕಿಯ ಕಡೆ ನೋಡಿದಳು. ಆಮೇಲೆ ಅಂಗಡಿಯವಳ ಹಾಗೆ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು:

"ಬೊಂಜೂರ್ ಮದಾಮ್! ವು ದೆಜಿರೆ?"

ನಮಸ್ಕಾರ ತಾಯಿ, ಏನು ಬೇಕು. ಏಳನೇ ಪಾಠದ ಮೊದಲ ಸಾಲು. ರತ್ನಪ್ರಭಾ ಅವರ ನಾಲಿಗೆ ತನ್ನಷ್ಟಕ್ಕೆ ಹೊರಟಿತು. ಸೇಬು ಕೇಳಿದರು, ದ್ರಾಕ್ಷಿ ಕೇಳಿದರು, ದುಬಾರಿಯಾಯಿತು ಅಂದರು. ಏಳು ಮುಗಿಯುತ್ತಲೇ ಅಪೂರ್ವ ಒಂಬತ್ತನೇ ಪಾಠದ ರೈಲು ನಿಲ್ದಾಣಕ್ಕೆ ದಾಟಿಸಿದಳು, ಅಲ್ಲಿಂದ ಹನ್ನೊಂದರ ಹುಟ್ಟುಹಬ್ಬಕ್ಕೆ. ಎಲ್ಲೂ ಒಂದು ಮಾತು ಆಚೀಚೆ ಇಡಲಿಲ್ಲ. ಇದು ಪುಸ್ತಕದ ಪಾಠವೇ ಅಂತ ಮಕ್ಕಳಿಗೆಲ್ಲ ತಿಳಿಯುತ್ತಿತ್ತು, ಒಂದೂ ಕಿಸಕ್ಕೆನ್ನಲಿಲ್ಲ. ಸಿಂಧೂರ ತಲೆ ತಗ್ಗಿಸಿ ಡೆಸ್ಕಿನ ಮೇಲೆ ಬೆರಳಾಡಿಸುತ್ತ ಕೂತಿತ್ತು. ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿ ಎದ್ದರು. ಒಂದೇ ವರ್ಷದಲ್ಲಿ ಇಷ್ಟು ನಿರರ್ಗಳವಾಗಿ ಮಾತಾಡುತ್ತೀರಲ್ಲ, ಇನ್ನೇನು ಬೇಕು, ಎರಡೂ ಕ್ಲಾಸು ನಿಮ್ಮದೇ ಅಂದರು.

ಬೆಲ್ಲು ಹೊಡೆದ ಮೇಲೆ ಕುಡಿಯುವ ನೀರಿನ ನಲ್ಲಿಯ ಹತ್ತಿರ ರತ್ನಪ್ರಭಾ ಅವಳನ್ನು ಹಿಡಿದು ನಿಲ್ಲಿಸಿದರು.

"ಯಾಕೆ ಬೇರೆ ಏನೂ ಕೇಳಲಿಲ್ಲ ನೀನು?"

"ಕೇಳೋಣ ಅಂತಲೇ ಇದ್ದೆ. ಬೆಳಿಗ್ಗೆ ತಿಂಡಿ ಏನು ಮಾಡಿದ್ರಿ ಅಂತ. ಬಾಯಿ ತನಕ ಬಂದಿತ್ತು."

"ಮತ್ತೆ?"

"ನೀವು ಸೆರಗು ಹಿಡ್ಕೊಂಡು ನಿಂತಿದ್ರಿ ಆಂಟಿ. ಮಕ್ಕಳ ಮುಂದೆ ಹಾಗೆ ಮಾಡೋಕೆ ಮನಸ್ಸು ಬರಲಿಲ್ಲ, ಬಸ್, ಅಷ್ಟೇ." ಅಪೂರ್ವ ಬಾಟಲಿಗೆ ನೀರು ಹಿಡಿದು ಮುಚ್ಚಳ ತಿರುಗಿಸಿದಳು. "ಈಗ ಅನ್ನಿಸ್ತಿದೆ, ಕೇಳಬೇಕಿತ್ತು."

ಅಷ್ಟು ಹೇಳಿ ನಡೆದುಬಿಟ್ಟಳು. ರತ್ನಪ್ರಭಾ ನಲ್ಲಿ ಕಟ್ಟೆಗೆ ಆತುಕೊಂಡು ನಿಂತರು. ಆ ಜಾಗದಲ್ಲಿ ತಾನಿದ್ದಿದ್ದರೆ ಕೇಳಿಯೇ ಬಿಡುತ್ತಿದ್ದೆ, ಒಂದಲ್ಲ ನಾಲ್ಕು ಪ್ರಶ್ನೆ. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ಅವಳ ವಯಸ್ಸಿಗೆ, ಬಿಟ್ಟ ಕೂದಲಿಗೆ, ಸುತ್ತ ಮುತ್ತುವ ಮಕ್ಕಳಿಗೆ ಉರಿದುಕೊಂಡಿದ್ದರು. ಅವೆಲ್ಲ ಏನೂ ಅಲ್ಲ ಅನ್ನುವ ಹಾಗೆ ಈಗ ಇದು. ಅವಳ ಒಳ್ಳೆಯತನದ ಮೇಲೇ ಹೊಟ್ಟೆಕಿಚ್ಚು.

ಸಂಜೆ ಏಕನಾಥರ ಮುಂದೆ ಎಲ್ಲ ಹೇಳಿಕೊಂಡರು. ಕ್ಲಾಸು ಸಿಕ್ಕಿತಲ್ಲ, ತೊಗೊಂಡು ಸುಮ್ಮನಿರು, ಯಾರಿಗೆ ಗೊತ್ತಾಗುತ್ತೆ ಅಂದರು ಅವರು. ನಲವತ್ತೊಂದು ಮಕ್ಕಳಿಗೆ ಗೊತ್ತು ರೀ, ಅಂದರು ಇವರು. ಇನ್ನೂ ಒಂದು ಮಾತಿತ್ತು, ಅದನ್ನು ಗಂಡನ ಹತ್ತಿರವೂ ಆಡಲಿಲ್ಲ. ಮುಂದೆ ದಿನಾ ಆ ಕ್ಲಾಸಿಗೆ ಕಾಲಿಡುವಾಗಲೂ ಆ ಹುಡುಗಿ ಬಿಟ್ಟುಕೊಟ್ಟದ್ದು ಅಂತಲೇ ಕಾಲಿಡಬೇಕು. ಅವಳ ಉಪಕಾರ ಹೊತ್ತು ತಿರುಗುವುದಕ್ಕಿಂತ ಅರೇಂಜ್‌ಮೆಂಟೇ ವಾಸಿ.

ಮಾರನೇ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತರು. ತನಗೆ ಬರುವುದು ಹನ್ನೆರಡು ಪಾಠ, ಫ್ರೆಂಚಲ್ಲ ಅಂತ ಹಿಂದಿಯಲ್ಲಿ ನೆಟ್ಟಗೆ ಹೇಳಿದರು. ನಿನ್ನೆ ಆಡಿದ್ದೆಲ್ಲ ಪುಸ್ತಕದ ಮಾತು, ಅಪೂರ್ವ ಬೇಕೆಂದೇ ಪುಸ್ತಕ ಬಿಟ್ಟು ಕದಲಲಿಲ್ಲ. ಬೇಕಿದ್ದರೆ ಯಾವ ಮಗುವನ್ನಾದರೂ ಕರೆದು ಕೇಳಿ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ನಿಮ್ಮ ಮೇಲೆ ನಂಬಿಕೆ ಇಟ್ಟಿದ್ದೆ ಅಂದರು. ನವೆಂಬರಿನಲ್ಲಿ ತಾನು ಹೇಳಿದ ಆ ಎರಡು ಮಾತನ್ನು ವಾಪಸು ತೆಗೆದುಕೊಳ್ಳಬೇಕೋ ಬೇಡವೋ ಎಂದು ರತ್ನಪ್ರಭಾ ಯೋಚಿಸಿದರು. ನಿಜ ತಾನೇ, ಇರಲಿ ಅಂತ ಬಿಟ್ಟರು.

ಏಪ್ರಿಲಿನಲ್ಲಿ ಟೈಂಟೇಬಲ್ ಗೋಡೆಗೆ ಬಂತು. ಆರು ಏಳು ಎರಡರ ಫ್ರೆಂಚೂ ಅಪೂರ್ವಳಿಗೆ. ರತ್ನಪ್ರಭಾ ಅವರಿಗೆ ಹೊಸ ಆರನೇ ಕ್ಲಾಸಿನಿಂದ ಸಂಸ್ಕೃತಕ್ಕೆ ಬಂದ ಹನ್ನೊಂದು ಮಕ್ಕಳು, ಹಳೇ ಕ್ಲಾಸುಗಳು, ಲೈಬ್ರರಿ ಬೀಗದ ಕೈ, ವಾರಕ್ಕೆ ಎಂಟು ಅರೇಂಜ್‌ಮೆಂಟು.

ಅಪೂರ್ವ ಮಿಠಾಯಿ ಡಬ್ಬಿ ಹಿಡಿದು ಲೈಬ್ರರಿಗೆ ಬಂದಳು. ಅದನ್ನು ಮೇಜಿನ ಮೇಲೆ ಇಟ್ಟು ಮುಚ್ಚಳ ತೆಗೆದಳು. ರತ್ನಪ್ರಭಾ ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸುತ್ತಿದ್ದರು. ಕೈ ಒರೆಸಿಕೊಂಡು ಒಂದೇ ಒಂದು ತುಂಡು ಬರ್ಫಿ ತೆಗೆದುಕೊಂಡು ಬಾಯಿಗಿಟ್ಟುಕೊಂಡರು, ನಿಧಾನವಾಗಿ ತಿಂದು ಮುಗಿಸಿದರು.

"ನಾನು ನಿನಗೋಸ್ಕರ ಮಾಡಿದ್ದು ಅಂತ ತಿಳಿದುಕೋಬೇಡ."

"ಇಲ್ಲ ಆಂಟಿ."

"ಬಸ್ಸು ಒಂದು ಗಂಟೆ ಮುಂಚೆ ಹಿಡಿ. ತಡವಾಗಿ ಬಂದರೆ ಹೋಗಿ ಹೇಳೋಳು ನಾನೇ."

ಅಪೂರ್ವ ನಕ್ಕಳು, ತಮಾಷೆ ಎಂದುಕೊಂಡಳು. ಆಗಸ್ಟಿನಲ್ಲಿ ಒಂದು ದಿನ ಏಳನೇ ಕ್ಲಾಸಿನ ಬಾಗಿಲ ಮುಂದೆ ಹಾದುಹೋಗುವಾಗ ಸಿಂಧೂರ ಬಿದ್ದೂ ಬಿದ್ದೂ ನಗುವುದು ರತ್ನಪ್ರಭಾ ಅವರ ಕಿವಿಗೆ ಬಿತ್ತು. ಆ ವಾರ ಬದರ್‌ಪುರದಲ್ಲಿ ಜಾಮ್ ಆಗಿ ಅಪೂರ್ವ ಎರಡು ಸಲ ತಡವಾಗಿ ಬಂದಿದ್ದಳು. ಅವರು ನೆಟ್ಟಗೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಹೇಳಿಯೂ ಬಂದರು.