ಹತ್ತಿ ಅರಿವೆ ಸುತ್ತಿದ ದೀಪ

‘ಹೋದ ಕರೆಂಟು ಮರಳಿ ಬಂದರೇ ದೀಪ.’ ಹೀಗೆಂದವರು ಆದೋನಿಯ ಕಾರು ಮೆಕ್ಯಾನಿಕ್ ರಸೂಲ್ ಸಾಬರೇ? ಅಥವಾ ಅವರ ಮಾತನ್ನು ನಾನೇ ಹೀಗೆ ತಿದ್ದಿಕೊಂಡೆನೇ? ಮೊನ್ನೆ ಬೀದಿಯಲ್ಲಿ ನಿಂತ ಕಾರೊಂದರಲ್ಲಿ, ದೀಪಕ್ಕೆ ಕರೆಂಟು ಬಿಡುವ ರಿಲೇ ‘ಟಿಕ್’ ಎಂದಾಗ ನೆನಪಾಯಿತು.

ಅಪ್ಪ ಹತ್ತಿ ವ್ಯಾಪಾರಿ. ನಮ್ಮ ಕಾರಿನ ಬೆಳಕು ಸಾಲದೆಂದು ಮುಂದೆ ಇನ್ನೆರಡು ದೀಪಗಳನ್ನು ತಾವೇ ಕೂರಿಸಿದ್ದರು. ಅಂದು ಸಂಜೆ, ಪತ್ತಿಕೊಂಡದಲ್ಲಿ ಅವ್ವನ ತಾಯಿಗೆ ತೀರಾ ಜಡ್ಡಾಗಿದೆಯೆಂದು ಸುದ್ದಿ ಬಂತು. ಅವ್ವ ಸೀರೆ ಬದಲಿಸಿ ಕಟ್ಟೆಯ ಮೇಲೆ ಕುಳಿತಳು. ದಾರಿಯಲ್ಲಿ ಕತ್ತಲಾಗುತ್ತದೆ, ಹೊಸ ದೀಪ ಹತ್ತದೆ ಹೊರಡುವುದಿಲ್ಲವೆಂದು ಅಪ್ಪನ ಹಟ.

ಸ್ವಿಚ್ಚು ಬದಲಿಸಿದರು, ಬಲ್ಬು ಬದಲಿಸಿದರು. ರಿಲೇ ‘ಟಿಕ್’ ಎನ್ನುತ್ತಿತ್ತು, ದೀಪ ಹತ್ತಲಿಲ್ಲ. ರಸೂಲ್ ಸಾಬರು ಬಂದು ದೀಪದ ವೈರಿಗೆ ತಮ್ಮ ಪರೀಕ್ಷೆಯ ಬಲ್ಬು ಹಿಡಿದರು. ಅದು ಹತ್ತಿತು. ಆಮೇಲೆ ದೀಪದ ಬುಡ ಮುಟ್ಟಿ ನಕ್ಕರು.

“ಸಾವ್ಕಾರ್ರ, ಇದೇನ್ರಿ, ಹತ್ತಿ ಅರಿವಿ?”

“ಕಾರಿನ ಹೊಸಾ ಬಣ್ಣಕ್ಕ ಗೀರು ಬೀಳಬಾರದಂತ ಸುತ್ತೀನಿ.”

“ಬೋಲ್ಟಿಗೂ ಸುತ್ತೀರಲ್ರಿ! ಕರೆಂಟು ಕಾರಿನ ಕಬ್ಬಿಣ ಹಿಡಕೊಂಡು ವಾಪಸ್ ಬ್ಯಾಟರಿಗೆ ಹೋಗಬೇಕು. ಅರಿವಿ ತೆಗೀರಿ, ಬಣ್ಣ ಕೆರೀರಿ.”

ಅಪ್ಪ ಹೊಳೆಯುವ ಬಣ್ಣವನ್ನೇ ನೋಡುತ್ತ ನಿಂತರು. ಅವ್ವ ಅಪ್ಪನನ್ನು ನೋಡಿದಳು. ಕೊನೆಗೆ ಅಪ್ಪನೇ ಚಾಕು ತಂದು ಕಬ್ಬಿಣ ಕಾಣುವವರೆಗೆ ಕೆರೆದರು. ದೀಪ ಹತ್ತಿತು. ಅಂದು ರಾತ್ರಿ ಪತ್ತಿಕೊಂಡದಲ್ಲಿ ಅಜ್ಜಿ ಅವ್ವನ ಗುರುತು ಹಿಡಿದು ಕೈ ಹಿಡಿದಳಂತೆ.

ಸಾಬರ ಸಾಲು ನನಗೀಗ ಅರ್ಧವೇ ನೆನಪು. ಪೂರ್ತಿ ನೆನಪಿರುವುದು, ಅಪ್ಪ ಚಾಕು ತರುವಂತೆ ಮಾಡಿದ ಮಾತು, ಪಕ್ಕದ ಮನೆಯ ಗೌರಕ್ಕ ತನ್ನ ಬಾಗಿಲಲ್ಲಿ ನಿಂತು ಹೇಳಿದ್ದು: “ಅಣ್ಣಾ, ಬಣ್ಣ ನಾಳೆನೂ ಹಚ್ಚಬಹುದು. ಹೆತ್ತವ್ವನ್ನ ಮಾತಾಡ್ಸಾಕ ಆಕಿಗೆ ನಾಳೆ ಐತೇನು?”